ಫ್ರೆಂಚ್ ಟೀಚರ್ ಕಳಿಸಿದ ಮೂರು ಸೇಬು

ಹನ್ನೊಂದು ವರ್ಷದ ಹುಡುಗನೊಬ್ಬ ದುಡ್ಡು ಕಟ್ಟಿ ಆಡುತ್ತಿದ್ದಾನೆ. ಅವನೊಂದಿಗೆ ಆಡುತ್ತಿರುವವರು ಬೇರೆ ಯಾರೂ ಅಲ್ಲ, ಅವನ ಶಾಲೆಯ ಟೀಚರ್. ಆಟ ನಡೆದಿರುವುದು ಟೀಚರ್ ಮನೆಯಲ್ಲೇ. ಅಷ್ಟರಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ಹೊಸ್ತಿಲಲ್ಲಿ ಮುಖ್ಯೋಪಾಧ್ಯಾಯರು ನಿಂತಿದ್ದಾರೆ.

ಇಷ್ಟನ್ನು ಮಾತ್ರ ಕೇಳಿದರೆ ಯಾವ ತಂದೆತಾಯಿಗಾದರೂ ಸಿಟ್ಟು ಬಂದೀತು. ಮಕ್ಕಳಿಗೆ ಜೂಜು ಕಲಿಸುವವರೂ ಉಪಾಧ್ಯಾಯರೇ ಎಂದು ಕೇಳಿಯಾರು. ಆದರೆ ಪೂರ್ತಿ ಕಥೆ ನೋಡಿದವರು ಆ ಟೀಚರನ್ನು ಸುಲಭವಾಗಿ ಬೈಯಲಾರರು. 1978ರಲ್ಲಿ ಮಾಸ್ಕೋದ ಮಾಸ್‌ಫಿಲ್ಮ್ ಸ್ಟುಡಿಯೋ ದೂರದರ್ಶನಕ್ಕೆಂದು ತಯಾರಿಸಿದ ‘ಫ್ರೆಂಚ್ ಪಾಠಗಳು’ ಎಂಬ ರಷ್ಯನ್ ಚಿತ್ರದ ಕಥೆ ಇದು. ನಿರ್ದೇಶಕ ಯೆವ್ಗೆನಿ ತಾಷ್ಕೋವ್. ಮೂಲ ಕಥೆ ಬರೆದವರು ಸೈಬೀರಿಯಾದ ಪ್ರಸಿದ್ಧ ಲೇಖಕ ವ್ಯಾಲೆಂಟಿನ್ ರಾಸ್ಪುಟಿನ್. ಯುದ್ಧವಿಲ್ಲ, ಸಾಹಸವಿಲ್ಲ, ಪ್ರೇಮಪ್ರಸಂಗವಿಲ್ಲ. ಇರುವುದು ಒಬ್ಬ ಹಸಿದ ಹುಡುಗ, ಒಬ್ಬ ಟೀಚರ್ ಮತ್ತು ಒಂದು ಕಠಿಣ ಪ್ರಶ್ನೆ: ಸಹಾಯ ಬೇಡವೆನ್ನುವವನಿಗೆ ಸಹಾಯ ಮಾಡುವುದು ಹೇಗೆ?

ಐವತ್ತು ಕಿಲೋಮೀಟರ್ ದೂರದ ಶಾಲೆ

ಕಥೆ ನಡೆಯುವುದು 1948ರಲ್ಲಿ. ಸೈಬೀರಿಯಾದ ಅಂಗಾರಾ ನದಿಯ ದಂಡೆಯ ಒಂದು ಹಳ್ಳಿ. ಅಲ್ಲಿನ ಶಾಲೆಯಲ್ಲಿ ನಾಲ್ಕೇ ತರಗತಿಗಳು. ಮುಂದೆ ಓದಬೇಕಾದರೆ ಐವತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಹಳ್ಳಿಯಿಂದ ಅಲ್ಲಿಯವರೆಗೆ ಓದಲು ಹೋದವರು ಅದುವರೆಗೆ ಯಾರೂ ಇರಲಿಲ್ಲ. ಚಿತ್ರದಲ್ಲಿ ವೊಲೊದ್ಯಾ ಎಂಬ ಹೆಸರಿನ ಈ ಹುಡುಗನೇ ಮೊದಲಿಗ. ಮೂರು ಮಕ್ಕಳನ್ನು ಒಂಟಿಯಾಗಿ ಸಾಕುತ್ತಿರುವ ತಾಯಿಗೆ ಇವನೇ ಹಿರಿಯ ಮಗ. ಹುಡುಗ ಚುರುಕು. ಅಕ್ಷರ ಬಾರದ ಮುದುಕಿಯರಿಗೆ ಕಾಗದ ಓದಿ ಹೇಳುವವನು, ಬರೆದು ಕೊಡುವವನು ಅವನೇ. ಓದಿಸಿದರೆ ಮುಂದೆ ಬಂದಾನು ಎಂದು ಊರಿನವರು ಹೇಳುತ್ತಾರೆ. ತಾಯಿ ಧೈರ್ಯ ಮಾಡುತ್ತಾಳೆ.

ಜಿಲ್ಲಾ ಕೇಂದ್ರವೆಂದರೆ ದೊಡ್ಡ ನಗರವೇನಲ್ಲ. ಮರದ ಮನೆಗಳು, ಕೆಸರು ಬೀದಿಗಳು, ಒಂದು ಶಾಲೆ, ಒಂದು ಸಂತೆ. ಆದರೂ ಮನೆ ಬಿಟ್ಟು ಬಂದ ಹುಡುಗನಿಗೆ ಅದು ಪರದೇಶವೇ. ಪರಿಚಯದ ಹೆಂಗಸೊಬ್ಬಳ ಮನೆಯಲ್ಲಿ ಮೂಲೆಯೊಂದರಲ್ಲಿ ವಾಸ. ಆಕೆಗೂ ಮೂವರು ಮಕ್ಕಳು, ಆಕೆಯೂ ಒಂಟಿ. ಊರಿನಿಂದ ತಾಯಿ ಲಾರಿಯವನ ಕೈಯಲ್ಲಿ ಕಳಿಸುವ ರೊಟ್ಟಿ, ಆಲೂಗೆಡ್ಡೆ ಚೀಲದಲ್ಲಿ ಇದ್ದಷ್ಟು ಉಳಿಯುವುದಿಲ್ಲ. ಯಾರೋ ಕದಿಯುತ್ತಾರೆ. ತಾಯಿಯೋ ಮಕ್ಕಳೋ ಎಂದು ಹುಡುಗ ಪತ್ತೆ ಮಾಡಲು ಹೋಗುವುದಿಲ್ಲ. ಕಂಡುಹಿಡಿದರೆ ಹೆಚ್ಚು ನೋವು ಎಂದು ಅವನಿಗೆ ಗೊತ್ತು. ಹಸಿದವರ ಮನೆಯಲ್ಲಿ ಹಸಿದವರೇ ಕದ್ದರೆ ಯಾರನ್ನು ದೂರುವುದು?

ಗೆದ್ದ ದೇಶದ ಹಸಿವು

ಇಲ್ಲಿ ಆ ಕಾಲದ ಹಿನ್ನೆಲೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಎರಡನೇ ಮಹಾಯುದ್ಧದಲ್ಲಿ ಗೆದ್ದ ದೇಶಗಳಲ್ಲಿ ಸೋವಿಯತ್ ಒಕ್ಕೂಟವೂ ಒಂದು. ಆದರೆ ಆ ಗೆಲುವಿಗೆ ತೆತ್ತ ಬೆಲೆ ಸುಮಾರು 2 ಕೋಟಿ 70 ಲಕ್ಷ ಪ್ರಾಣಗಳು. ಗಂಡಸರಿಲ್ಲದ ಹಳ್ಳಿಗಳು, ಎತ್ತು ಟ್ರ್ಯಾಕ್ಟರುಗಳಿಲ್ಲದ ಹೊಲಗಳು. ಅದರ ಮೇಲೆ 1946ರಲ್ಲಿ ಭೀಕರ ಬರ. ಸರಕಾರ ಮಾತ್ರ ಸಾಮೂಹಿಕ ಬೇಸಾಯ ಕ್ಷೇತ್ರಗಳಿಂದ ಧಾನ್ಯದ ವಸೂಲಿಯನ್ನು ನಿಲ್ಲಿಸಲಿಲ್ಲ. 1946-47ರ ಕ್ಷಾಮದಲ್ಲಿ ಸತ್ತವರು ಹತ್ತು ಲಕ್ಷ ಅಥವಾ ಅದಕ್ಕೂ ಹೆಚ್ಚು ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. 1947ರ ಡಿಸೆಂಬರಿನಲ್ಲಿ ಪಡಿತರ ಚೀಟಿಗಳನ್ನು ರದ್ದು ಮಾಡಲಾಯಿತು. ಅದೇ ತಿಂಗಳು ಹತ್ತು ಹಳೆಯ ರೂಬಲ್ ನೋಟಿಗೆ ಒಂದು ಹೊಸ ರೂಬಲ್ ಕೊಟ್ಟು ಕರೆನ್ಸಿಯನ್ನೂ ಬದಲಾಯಿಸಲಾಯಿತು.

ಹಳ್ಳಿಯ ರೈತನ ಕೈಯಲ್ಲಿ ಹಣ ಓಡಾಡುವುದೇ ಅಪರೂಪ. ಸಾಮೂಹಿಕ ಬೇಸಾಯದಲ್ಲಿ ದುಡಿದವರಿಗೆ ಸಂಬಳ ಇರಲಿಲ್ಲ. ದುಡಿದ ದಿನಗಳನ್ನು ಲೆಕ್ಕ ಹಿಡಿದು, ವರ್ಷದ ಕೊನೆಯಲ್ಲಿ ಉಳಿದ ಧಾನ್ಯದಲ್ಲಿ ಪಾಲು ಕೊಡುತ್ತಿದ್ದರು. ಹಾಗಾಗಿ ವೊಲೊದ್ಯಾನ ತಾಯಿ ಆಲೂಗೆಡ್ಡೆಯನ್ನು ಹೇಗೋ ಹೊಂದಿಸಿ ಕಳಿಸಬಲ್ಲಳು, ರೂಬಲ್ಲನ್ನಲ್ಲ. ಈ ಒಂದು ಸಂಗತಿ ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಒಂದು ರೂಬಲ್, ಅರ್ಧ ಲೀಟರ್ ಹಾಲು

ಹುಡುಗನಿಗೆ ರಕ್ತಹೀನತೆ. ತಲೆ ಸುತ್ತುತ್ತದೆ. ಹಾಲು ಕುಡಿಯಬೇಕು. ಸಂತೆಯಲ್ಲಿ ಅರ್ಧ ಲೀಟರ್ ಹಾಲಿನ ಬೆಲೆ ಒಂದು ರೂಬಲ್.

ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್. ಶ್ವಾಸಕೋಶದಿಂದ ದೇಹದ ಮೂಲೆ ಮೂಲೆಗೆ ಆಮ್ಲಜನಕ ಸಾಗಿಸುವ ಕೂಲಿಯೂ ಅದೇ. ಹಿಮೋಗ್ಲೋಬಿನ್‌ನ ಪ್ರತಿ ಅಣುವಿನಲ್ಲಿ ಕಬ್ಬಿಣದ ನಾಲ್ಕು ಪರಮಾಣುಗಳಿವೆ. ವಯಸ್ಕ ಮನುಷ್ಯನ ಇಡೀ ದೇಹದಲ್ಲಿರುವ ಕಬ್ಬಿಣ 3ರಿಂದ 4 ಗ್ರಾಂ ಮಾತ್ರ, ಒಂದು ಸಣ್ಣ ಮೊಳೆಯಷ್ಟು. ಊಟದಲ್ಲಿ ಕಬ್ಬಿಣ, ಪ್ರೋಟೀನು ಕಡಿಮೆಯಾದರೆ ಹಿಮೋಗ್ಲೋಬಿನ್ ತಗ್ಗುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಆಯಾಸ, ತಲೆ ಸುತ್ತು, ಓದಿದ್ದು ತಲೆಗೆ ಹತ್ತದಿರುವುದು ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ನಿಜ ಹೇಳಬೇಕೆಂದರೆ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ರಕ್ತಹೀನತೆಗೆ ಅದೊಂದೇ ಮದ್ದಲ್ಲ. ಆದರೆ ಆಲೂಗೆಡ್ಡೆಯೂ ಸಾಲದೆ ಬರೀ ಬಿಸಿನೀರು ಕುಡಿದು ಮಲಗುವ ಹುಡುಗನಿಗೆ ಅರ್ಧ ಲೀಟರ್ ಹಾಲೆಂದರೆ ಸುಮಾರು 16 ಗ್ರಾಂ ಪ್ರೋಟೀನು ಮತ್ತು 300 ಕ್ಯಾಲೊರಿ. ಹಸಿವಿನ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಲ್ಲ.

ಆ ಒಂದು ರೂಬಲ್ ಎಲ್ಲಿಂದ ತರುವುದು? ಊರ ಹೊರಗೆ ಪೊದೆಗಳ ಮರೆಯಲ್ಲಿ ಹುಡುಗರು ‘ಚೀಕಾ’ ಎಂಬ ಆಟ ಆಡುತ್ತಾರೆ. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿ, ದೂರದಿಂದ ಗುಂಡನೆಯ ಬಿಲ್ಲೆ ಎಸೆಯಬೇಕು. ಬಳಿಕ ಆ ಬಿಲ್ಲೆಯಿಂದ ನಾಣ್ಯಗಳಿಗೆ ಹೊಡೆಯಬೇಕು. ಮಗುಚಿ ಬಿದ್ದದ್ದು ಹೊಡೆದವನದು. ವೊಲೊದ್ಯಾ ಮೊದಲು ನಿಂತು ನೋಡುತ್ತಾನೆ. ಎಲ್ಲರೂ ಹೋದ ಮೇಲೆ ಒಬ್ಬನೇ ಅಭ್ಯಾಸ ಮಾಡುತ್ತಾನೆ. ಹೇಗೆ ಎಸೆದರೆ ಬಿಲ್ಲೆ ಗುರಿಯ ಹತ್ತಿರ ನಿಲ್ಲುತ್ತದೆಂದು ಮತ್ತೆ ಮತ್ತೆ ಎಸೆದು ಕಲಿಯುತ್ತಾನೆ. ಆಮೇಲೆ ಆಟಕ್ಕೆ ಇಳಿದು ಗೆಲ್ಲುತ್ತಾನೆ. ಆದರೆ ಒಂದು ರೂಬಲ್ ಸಿಕ್ಕಿದ ಕೂಡಲೇ ಎದ್ದು ಹೋಗುತ್ತಾನೆ. ಇನ್ನೊಂದು ಆಟಕ್ಕೆ ನಿಲ್ಲುವುದಿಲ್ಲ.

ಜೂಜಾಡುವವನಿಗೂ ಈ ಹುಡುಗನಿಗೂ ಇರುವ ವ್ಯತ್ಯಾಸ ಇದೇ. ಜೂಜುಗಾರನಿಗೆ ಸಾಕು ಎಂಬುದಿಲ್ಲ. ಇವನಿಗೆ ಸಾಕು ಎಂಬುದಕ್ಕೆ ಖಚಿತವಾದ ಅಳತೆಯಿದೆ, ಅರ್ಧ ಲೀಟರ್. ಆದರೆ ದಿನವೂ ಗೆದ್ದು ಎದ್ದು ಹೋಗುವವನನ್ನು ಗುಂಪು ಸಹಿಸೀತೆ? ದೊಡ್ಡ ಹುಡುಗನೊಬ್ಬ ಆಟದಲ್ಲಿ ಮಾಡಿದ ಮೋಸವನ್ನು ವೊಲೊದ್ಯಾ ಕಂಡು ಹೇಳುತ್ತಾನೆ. ಸಿಕ್ಕಿದ ಉತ್ತರ ಹೊಡೆತ. ಮರುದಿನ ಊದಿದ ಮುಖ ಹೊತ್ತು ತರಗತಿಯಲ್ಲಿ ಕೂರುತ್ತಾನೆ.

ಟೀಚರ್ ಕಂಡದ್ದು

ತರಗತಿಯ ಜವಾಬ್ದಾರಿ ಹೊತ್ತವರು ಫ್ರೆಂಚ್ ಕಲಿಸುವ ಲೀಡಿಯಾ ಮಿಖಾಯ್ಲೊವ್ನಾ. ವಯಸ್ಸು ಇಪ್ಪತ್ತೈದರ ಆಸುಪಾಸು. ಈ ಪಾತ್ರವನ್ನು ತಾತ್ಯಾನಾ ತಾಷ್ಕೋವಾ, ಹುಡುಗನ ಪಾತ್ರವನ್ನು ಮಿಖಾಯಿಲ್ ಯೆಗೊರೊವ್ ಅಭಿನಯಿಸಿದ್ದಾರೆ. ಎಲ್ಲ ವಿಷಯಗಳಲ್ಲೂ ಮುಂದಿರುವ ಹುಡುಗ ಫ್ರೆಂಚ್ ಉಚ್ಚಾರಣೆಯಲ್ಲಿ ಮಾತ್ರ ಹಿಂದೆ. ಅಂಗಾರಾ ದಂಡೆಯ ನಾಲಿಗೆಗೆ ಆ ಮೂಗಿನ ಸ್ವರಗಳು ಬಗ್ಗುವುದೇ ಇಲ್ಲ.

ಊದಿದ ಮುಖ ಕಂಡ ಟೀಚರ್ ತರಗತಿ ಮುಗಿದ ಮೇಲೆ ವಿಚಾರಿಸುತ್ತಾರೆ. ಗೆದ್ದ ದುಡ್ಡಿನಲ್ಲಿ ಮಿಠಾಯಿ ಕೊಳ್ಳುತ್ತಿರಬಹುದು ಎಂಬುದು ಅವರ ಊಹೆ. ಹಾಲು ಕೊಳ್ಳುತ್ತೇನೆ ಎನ್ನುತ್ತಾನೆ ಹುಡುಗ. ಆ ಒಂದು ಮಾತಿನಿಂದ ಟೀಚರ್ ಕಣ್ಣಿಗೆ ಬೇರೆಯೇ ಹುಡುಗ ಕಾಣಿಸುತ್ತಾನೆ. ಮಾಸಿದ, ತೇಪೆ ಹಾಕಿದ ಬಟ್ಟೆ, ತೆಳ್ಳಗಿನ ಕುತ್ತಿಗೆ, ಬಿಳಿಚಿದ ಮುಖ. ಅದುವರೆಗೂ ಕಣ್ಣ ಮುಂದೆಯೇ ಇದ್ದದ್ದು ಈಗ ಕಂಡಿತು.

ಉಚ್ಚಾರಣೆ ತಿದ್ದುವ ನೆಪದಲ್ಲಿ ಟೀಚರ್ ಅವನನ್ನು ಮನೆಗೆ ಕರೆಯುತ್ತಾರೆ. ಪಾಠ ಮುಗಿದ ಮೇಲೆ ಊಟಕ್ಕೆ ಕೂರಲು ಹೇಳುತ್ತಾರೆ. ಹುಡುಗ ಹಸಿವಿಲ್ಲ ಎಂದು ಓಡಿಹೋಗುತ್ತಾನೆ. ಎಷ್ಟು ಸಲ ಕರೆದರೂ ಅಷ್ಟೇ. ಹೊಟ್ಟೆ ಬೇಕೆನ್ನುತ್ತದೆ, ಮಾನ ಬೇಡವೆನ್ನುತ್ತದೆ. ಗೆದ್ದು ಕೊಂಡ ಹಾಲು ಅವನದು. ಯಾರೋ ಮರುಗಿ ಬಡಿಸಿದ ಊಟ ಅವನದಲ್ಲ.

ಮೆಕರೋನಿ ಹೇಳಿದ ಸಾಕ್ಷಿ

ಒಂದು ದಿನ ಶಾಲೆಗೆ ಹುಡುಗನ ಹೆಸರಿಗೆ ಒಂದು ಪಾರ್ಸೆಲ್ ಬರುತ್ತದೆ. ಅಮ್ಮ ಕಳಿಸಿದ್ದೆಂದು ಹಿಗ್ಗಿ, ಯಾರೂ ಕಾಣದ ಕಡೆ ಒಯ್ದು ಬಿಚ್ಚುತ್ತಾನೆ. ಮೇಲೆ ಗೋಧಿಹಿಟ್ಟಿನ ಕೊಳವೆಯಂಥ ಮೆಕರೋನಿ. ಬೇಯಿಸುವಷ್ಟು ತಾಳ್ಮೆಯೂ ಇಲ್ಲದೆ ಹಸಿಯದನ್ನೇ ಕಟಕಟನೆ ಕಡಿಯುತ್ತಾನೆ. ಕೆಳಗೆ ಸಕ್ಕರೆ ಗಟ್ಟಿಗಳು, ಅದರ ಜೊತೆ ಹೆಮಟೋಜೆನ್.

ಅಲ್ಲಿಗೆ ಅವನ ಬಾಯಿ ನಿಲ್ಲುತ್ತದೆ, ಬುದ್ಧಿ ಓಡತೊಡಗುತ್ತದೆ. ತಮ್ಮ ಹಳ್ಳಿಯಲ್ಲಿ ಮೆಕರೋನಿ ಎಲ್ಲಿದೆ? ಅಂಗಡಿಯಲ್ಲಿ ಸಿಗದ ವಸ್ತು ಅಮ್ಮನಿಗೆ ಸಿಕ್ಕಿದ್ದು ಹೇಗೆ? ಹೆಮಟೋಜೆನ್ ಅಂತೂ ಔಷಧದ ಅಂಗಡಿಯ ಸರಕು. 19ನೇ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರೊಬ್ಬರು ರೂಪಿಸಿದ ಟಾನಿಕ್ ಅದು. ರಷ್ಯಾದಲ್ಲಿ ಅದನ್ನು ದನದ ರಕ್ತವನ್ನು ಸಂಸ್ಕರಿಸಿ, ಹಾಲು ಸಕ್ಕರೆ ಬೆರೆಸಿ ಮಿಠಾಯಿಯಂತೆ ಅಚ್ಚು ಹಾಕುತ್ತಿದ್ದರು. ರಕ್ತದಲ್ಲಿನ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ, ಆದ್ದರಿಂದ ರಕ್ತಹೀನತೆಯವರಿಗೆ ಕೊಡುತ್ತಿದ್ದರು. ಕಳಿಸಿದವರಿಗೆ ಅವನ ಕಾಯಿಲೆ ಗೊತ್ತು. ಔಷಧಿ ಕೊಳ್ಳುವಷ್ಟು ಹಣವೂ ಇದೆ. ಹಾಗಾದರೆ ಅಮ್ಮನಲ್ಲ. ಉಳಿದದ್ದು ಒಂದೇ ಹೆಸರು. ಸಾಕ್ಷ್ಯ ನೋಡಿ ತೀರ್ಮಾನಕ್ಕೆ ಬರುವುದು ವಿಜ್ಞಾನದ ಕ್ರಮ ಎನ್ನುತ್ತೇವೆ. ಹಸಿದ ಹೊಟ್ಟೆಯಲ್ಲಿ, ಬಾಯಲ್ಲಿ ಮೆಕರೋನಿ ಇಟ್ಟುಕೊಂಡು, ತನಗೆ ಬೇಡವಾದ ತೀರ್ಮಾನಕ್ಕೆ ಹುಡುಗ ಬರುತ್ತಾನೆ. ಪೆಟ್ಟಿಗೆಯನ್ನು ಟೀಚರ್ ಮನೆಗೆ ಒಯ್ದು ಹಿಂದಕ್ಕೆ ಕೊಡುತ್ತಾನೆ.

ಟೀಚರಿಗೆ ಪೆಚ್ಚು. ಹಳ್ಳಿಯಲ್ಲಿ ಮೆಕರೋನಿಯೇ ಸಿಗುವುದಿಲ್ಲ ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಅವರು ದಕ್ಷಿಣದ ಕುಬಾನ್ ಪ್ರಾಂತದವರು. ತಮ್ಮ ಕಡೆ ಸೇಬು ಬೆಳೆಯುತ್ತದೆ, ಈಗ ಅಲ್ಲಿ ರಾಶಿ ರಾಶಿ ಸೇಬು ಇರುತ್ತದೆ ಎಂದು ನೆನೆಯುತ್ತಾರೆ. ಒಳ್ಳೆಯ ಮನಸ್ಸಿದ್ದರೂ ಎದುರಿನವನ ಬದುಕು ತಿಳಿಯದಿದ್ದರೆ ಸಹಾಯ ಗುರಿ ತಪ್ಪುತ್ತದೆ ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಗೋಡೆಯಾಟ

ಊಟ ಬೇಡ, ಪಾರ್ಸೆಲ್ ಬೇಡ. ಇನ್ನೇನು ದಾರಿ? ಟೀಚರ್ ಯೋಚಿಸಿ ಕಂಡುಕೊಂಡದ್ದು ವಿಚಿತ್ರವಾದ ದಾರಿ. ಹುಡುಗ ದಾನವಾಗಿ ಏನನ್ನೂ ತೆಗೆದುಕೊಳ್ಳುವುದಿಲ್ಲ, ಆದರೆ ಗೆದ್ದದ್ದನ್ನು ತೆಗೆದುಕೊಳ್ಳುತ್ತಾನೆ. ಹಾಗಿದ್ದರೆ ಅವನು ತನ್ನಿಂದಲೇ ಗೆಲ್ಲಲಿ!

ತಾನು ಚಿಕ್ಕವಳಿದ್ದಾಗ ಆಡುತ್ತಿದ್ದ ಆಟವೊಂದಿದೆ ಎಂದು ಟೀಚರ್ ಹೇಳುತ್ತಾರೆ. ನಾಣ್ಯವನ್ನು ಗೋಡೆಗೆ ಬಡಿದರೆ ಅದು ಪುಟಿದು ನೆಲಕ್ಕೆ ಬೀಳುತ್ತದೆ. ಎರಡನೆಯವರ ನಾಣ್ಯ ಮೊದಲಿನದರಿಂದ ಗೇಣಳತೆಯೊಳಗೆ ಬಿದ್ದರೆ ಅವರಿಗೆ ಗೆಲುವು. ಮೊದಲು ಸುಮ್ಮನೆ ಆಟ, ಆಮೇಲೆ ಕೊಪೆಕ್ ಕಾಸಿನ ಆಟ. ಟೀಚರ್ ಬೇಕೆಂದೇ ಸೋಲುತ್ತಿದ್ದಾರೆ ಎಂದು ಅನುಮಾನ ಬಂದೊಡನೆ ಹುಡುಗ ಮುನಿಯುತ್ತಾನೆ. ಆಗ ಟೀಚರ್ ಇನ್ನೊಂದು ಉಪಾಯ ಹೂಡುತ್ತಾರೆ. ಗೆಲ್ಲುವ ಆಸೆಯಿಂದ ತಾನೇ ಮೋಸ ಮಾಡುವಂತೆ ನಟಿಸುತ್ತಾರೆ. ಹುಡುಗ ಹಿಡಿದು ಜಗಳವಾಡುತ್ತಾನೆ, ಅವನಿಗೆ ಆಟ ನಿಜವೆಂದು ನಂಬಿಕೆ ಬರುತ್ತದೆ. ಗೆದ್ದ ಕಾಸಿನಿಂದ ಮತ್ತೆ ಹಾಲು ಬರುತ್ತದೆ. ಪೊದೆಗಳ ಹಿಂದಿನ ಗುಂಪಿನ ಸಹವಾಸ ತಪ್ಪುತ್ತದೆ. ಇನ್ನೂ ಸ್ವಾರಸ್ಯವೆಂದರೆ ಭಯ ಬಿಟ್ಟ ಮೇಲೆ ಫ್ರೆಂಚ್ ಕೂಡ ನಾಲಿಗೆಗೆ ಒಲಿಯುತ್ತದೆ.

ಪಕ್ಕದ ಮನೆ ಮುಖ್ಯೋಪಾಧ್ಯಾಯರದು. ಆಟದ ಗದ್ದಲ ಕೇಳಿ ಒಳಗೆ ಬಂದವರು ಕಂಡದ್ದು ಮೊದಲು ಹೇಳಿದ ದೃಶ್ಯ. ಟೀಚರ್ ಸುಳ್ಳು ಹೇಳುವುದಿಲ್ಲ, ಹುಡುಗನ ಮೇಲೆ ಹಾಕುವುದೂ ಇಲ್ಲ. ಕೆಲಸ ಬಿಟ್ಟು ಕುಬಾನಿಗೆ ಹೊರಡುತ್ತಾರೆ. ಹೋಗುವ ಮುಂಚೆ ತಪ್ಪೆಲ್ಲ ತನ್ನದೇ, ನೀನು ಓದು ಬಿಡಬೇಡ ಎಂದು ಹುಡುಗನಿಗೆ ತಿಳಿಸುತ್ತಾರೆ.

ಚಳಿಗಾಲದ ಮಧ್ಯೆ ಮತ್ತೊಂದು ಪಾರ್ಸೆಲ್ ಬರುತ್ತದೆ. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಬಂದದ್ದು. ಒಳಗೆ ಮೆಕರೋನಿ, ಅದರ ಅಡಿಯಲ್ಲಿ ಮೂರು ಕೆಂಪು ಸೇಬು. ಹುಡುಗ ಸೇಬನ್ನು ಅದುವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದ.

ಯಾರದು ಸರಿ?

ಮುಖ್ಯೋಪಾಧ್ಯಾಯರು ಮಾಡಿದ್ದು ತಪ್ಪೇ? ವಿದ್ಯಾರ್ಥಿಯೊಂದಿಗೆ ಉಪಾಧ್ಯಾಯರು ದುಡ್ಡಿನ ಆಟ ಆಡಬಾರದೆಂಬ ನಿಯಮ ಸರಿಯಾದದ್ದೇ. ನೂರು ಸಂದರ್ಭಗಳಲ್ಲಿ ತೊಂಬತ್ತೊಂಬತ್ತರಲ್ಲಿ ಅದು ಮಕ್ಕಳನ್ನು ಕಾಪಾಡುತ್ತದೆ. ನೂರನೆಯ ಸಂದರ್ಭವನ್ನು ಗುರುತಿಸಬೇಕಾದರೆ ಆ ಕಾಸು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕು. ಮುಖ್ಯೋಪಾಧ್ಯಾಯರು ಕೇಳಲಿಲ್ಲ. ಟೀಚರ್ ಕೇಳಿದ್ದರು, ಹಾಲು ಎಂಬ ಉತ್ತರ ಪಡೆದಿದ್ದರು. ಇಬ್ಬರ ನಡುವಿನ ವ್ಯತ್ಯಾಸ ಆ ಒಂದು ಪ್ರಶ್ನೆಯಷ್ಟೇ.

ಟೀಚರ್ ಮಾಡಿದ್ದು ಪೂರ್ತಿ ಸರಿಯೆಂದೂ ಚಿತ್ರ ವಾದಿಸುವುದಿಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲವೇ? ತಾಯಿಗೆ ಬರೆಯಬಹುದಿತ್ತು. ಆದರೆ ತಾಯಿಗೆ ತಿಳಿದರೆ ಮಗನನ್ನು ಊರಿಗೆ ಕರೆದೊಯ್ಯುತ್ತಿದ್ದಳು, ಓದು ಅಲ್ಲಿಗೇ ನಿಲ್ಲುತ್ತಿತ್ತು. ಕಥೆಯಲ್ಲಿ ಅಂಥ ಒಂದು ಗಳಿಗೆ ಬಂದೇ ಬಿಡುತ್ತದೆ. ನೋಡಲು ಬಂದ ತಾಯಿ ಹಿಂದಿರುಗುವಾಗ ಹುಡುಗ ತಡೆಯಲಾರದೆ ಅಳುತ್ತ ಲಾರಿಯ ಹಿಂದೆ ಓಡುತ್ತಾನೆ. ಬಾ, ಹೋಗೋಣ ಎನ್ನುತ್ತಾಳೆ ತಾಯಿ. ಹುಡುಗ ಎಚ್ಚೆತ್ತು ಹಿಂದಕ್ಕೆ ಓಡುತ್ತಾನೆ. ಓದಿಗಾಗಿ ಇಷ್ಟು ಸಹಿಸಿದವನನ್ನು ಉಳಿಸಿಕೊಳ್ಳಲು ಟೀಚರ್ ತನ್ನ ಕೆಲಸವನ್ನೇ ಪಣಕ್ಕಿಟ್ಟರು. ಆ ಮನೆಯಲ್ಲಿ ನಡೆದ ಆಟದಲ್ಲಿ ನಿಜವಾದ ಪಣ ಅದೊಂದೇ.

ನೀರಿನಡಿಯ ಊರು, ಉಳಿದ ನೆನಪು

ಇದು ಕಟ್ಟಿದ ಕಥೆಯಲ್ಲ, ಬಹುಮಟ್ಟಿಗೆ ರಾಸ್ಪುಟಿನ್ ಅವರ ಸ್ವಂತ ಬಾಲ್ಯ. 1937ರಲ್ಲಿ ಹುಟ್ಟಿದ ಅವರು ಬೆಳೆದದ್ದು ಅಂಗಾರಾ ದಂಡೆಯ ಅತಲಾಂಕ ಎಂಬ ಹಳ್ಳಿಯಲ್ಲಿ, ಓದಿದ್ದು ಐವತ್ತು ಕಿಲೋಮೀಟರ್ ದೂರದ ಉಸ್ತ್-ಉದಾದಲ್ಲಿ. ಮುಂದೆ ಇರ್ಕುತ್ಸ್ಕ್ ವಿಶ್ವವಿದ್ಯಾನಿಲಯ ಸೇರಿ, ಪತ್ರಕರ್ತರಾಗಿ, ದೇಶದ ದೊಡ್ಡ ಲೇಖಕರಲ್ಲಿ ಒಬ್ಬರಾದರು. 2015ರಲ್ಲಿ ತೀರಿಕೊಂಡರು. ಬ್ರಾತ್ಸ್ಕ್ ಅಣೆಕಟ್ಟಿನ ಜಲಾಶಯ 1960ರ ದಶಕದಲ್ಲಿ ತುಂಬಿದಾಗ ಹಳೆಯ ಅತಲಾಂಕ, ಹಳೆಯ ಉಸ್ತ್-ಉದಾ ಎರಡೂ ಮುಳುಗಿದವು. ಊರುಗಳನ್ನು ಬೇರೆಡೆಗೆ ಸಾಗಿಸಲಾಯಿತು. ಆ ಹುಡುಗ ನಡೆದ ಬೀದಿಗಳು ಈಗ ನೀರಿನಡಿ.

ಕಥೆ ಅಚ್ಚಾದದ್ದು 1973ರಲ್ಲಿ. ಅದರ ಹಿಂದಿನ ವರ್ಷ ರಾಸ್ಪುಟಿನ್ ಅವರ ಗೆಳೆಯ, ನಾಟಕಕಾರ ಅಲೆಕ್ಸಾಂದರ್ ವಾಂಪಿಲೊವ್ ಬೈಕಲ್ ಸರೋವರದಲ್ಲಿ ಸತ್ತಿದ್ದರು. ಗೆಳೆಯನ ತಾಯಿ ಅನಸ್ತಾಸಿಯಾ ಪ್ರೊಕೊಪ್ಯೆವ್ನಾ ಕೊಪಿಲೋವಾ ಅವರಿಗೆ ರಾಸ್ಪುಟಿನ್ ಈ ಕಥೆಯನ್ನು ಅರ್ಪಿಸಿದರು. ಆಕೆಯೂ ಶಾಲೆಯ ಉಪಾಧ್ಯಾಯಿನಿ, ಗಣಿತ ಕಲಿಸುತ್ತಿದ್ದವರು. 1938ರಲ್ಲಿ ಗಂಡನನ್ನು ಕಳೆದುಕೊಂಡು ನಾಲ್ಕು ಮಕ್ಕಳನ್ನು ಒಬ್ಬರೇ ಬೆಳೆಸಿದವರು.

ಲೀಡಿಯಾ ಮಿಖಾಯ್ಲೊವ್ನಾ ಎಂಬ ಟೀಚರ್ ಕೂಡ ನಿಜವಾಗಿ ಇದ್ದವರು. ಲೇಖಕರು ಹೆಸರನ್ನೂ ಬದಲಾಯಿಸಲಿಲ್ಲ. ವರ್ಷಗಳ ನಂತರ ಫ್ರಾನ್ಸಿನಲ್ಲಿ ಪಾಠ ಹೇಳಲು ಹೋಗಿದ್ದಾಗ ಅವರ ಕೈಗೆ ಒಂದು ಪುಸ್ತಕ ಸಿಕ್ಕಿತು. ಓದಿದರೆ ಅದರಲ್ಲಿ ಅವರೇ ಇದ್ದರು. ಹಳೆಯ ಶಿಷ್ಯನಿಗೆ ಕಾಗದ ಬರೆದರು. ಆದರೆ ಒಂದು ವಿಷಯ ರಾಸ್ಪುಟಿನ್ ಅವರನ್ನು ಬೆರಗುಗೊಳಿಸಿತು. ಅವರ ಇಡೀ ಬಾಲ್ಯದಲ್ಲಿ ಬೆಳಗಿದ ಆ ಮೆಕರೋನಿ ಪಾರ್ಸೆಲ್ ಟೀಚರಿಗೆ ನೆನಪೇ ಇರಲಿಲ್ಲ! ಅದರ ಬಗ್ಗೆ ಯೋಚಿಸಿದ ಲೇಖಕರು, ಒಳಿತನ್ನು ಪಡೆದವನಿಗೆ ಇರುವಷ್ಟು ನೆನಪು ಅದನ್ನು ಮಾಡಿದವರಿಗೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ ಎಂಬ ಅರ್ಥ ಬರುವಂತೆ ಮುಂದೆ ಬರೆದರು.

ಈ ಚಿತ್ರವನ್ನು ಮಕ್ಕಳು ಮತ್ತು ದೊಡ್ಡವರು ಒಟ್ಟಿಗೆ ಕುಳಿತು ನೋಡಬೇಕು. ಹಸಿದವನಿಗೂ ಮಾನವಿರುತ್ತದೆ, ತರಗತಿಯಲ್ಲಿ ಪಕ್ಕದಲ್ಲೇ ಕೂತವನು ಬೇಡ ಎಂದಾಗ ಅದು ಯಾವಾಗಲೂ ಬೇಡವೆಂದೇ ಅರ್ಥವಲ್ಲ ಎಂಬುದು ಮಕ್ಕಳಿಗೆ ತಿಳಿದೀತು. ಮಗ ಅಥವಾ ಮಗಳು ಮಾಡಬಾರದ್ದು ಮಾಡಿ ಸಿಕ್ಕಿಬಿದ್ದಾಗ ದೊಡ್ಡವರು ಬೈಯುವುದು ಇದ್ದೇ ಇದೆ. ಅದಕ್ಕೆ ಮೊದಲು, ಆ ದುಡ್ಡಿನಲ್ಲಿ ಏನು ಕೊಂಡೆ ಎಂದು ಒಮ್ಮೆ ಕೇಳಿದರೆ ನಷ್ಟವೇನಿಲ್ಲ. ಉತ್ತರ ಮಿಠಾಯಿ ಎಂದಿರಬಹುದು. ಹಾಲು ಎಂದೂ ಇರಬಹುದು.